ಉಸಿರು ಹಿಡಿದಷ್ಟು ಹೊತ್ತಿನಲ್ಲಿ

“ಉಸಿರು ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ” ಎನ್ನುತ್ತಾರೆ ಸ್ಕ್ಯಾನಿಂಗ್ ಡಾಕ್ಟರು. ಮಂಚದ ಮೇಲೆ ಮಲಗಿದವರು ಎದೆಯುಬ್ಬಿಸಿ ಸುಮ್ಮನಾಗುತ್ತಾರೆ. ಪಕ್ಕೆಲುಬಿನ ಮರೆಯಲ್ಲಿದ್ದ ಲಿವರ್ ಅಷ್ಟರಲ್ಲಿ ತುಸು ಕೆಳಗೆ ಸರಿದು ಡಾಕ್ಟರ ಕೈಯಲ್ಲಿರುವ ಪ್ರೋಬಿನ ಎದುರಿಗೆ ಬರುತ್ತದೆ. ಹತ್ತು ಸೆಕೆಂಡಿನ ಮೇಲೆ “ಹಾಂ, ಬಿಡಿ” ಎಂಬ ಮಾತು. ಆ ಹತ್ತು ಸೆಕೆಂಡಿನಲ್ಲಿ ಯಂತ್ರ ಹೆಚ್ಚುಕಡಿಮೆ ಐವತ್ತು ಸಾವಿರ ಸಲ ಮೈಯೊಳಕ್ಕೆ ಕೂಗು ಹಾಕಿ, ಪ್ರತಿ ಕೂಗಿಗೂ ಮರುದನಿ ಬರುವವರೆಗೆ ಕಾದು, ಬಂದದ್ದನ್ನೆಲ್ಲ ಲೆಕ್ಕಕ್ಕೆ ಹಚ್ಚಿ ಮುಗಿಸಿರುತ್ತದೆ.

ಈ ಲೆಕ್ಕವನ್ನು ಯಾರು ಬೇಕಾದರೂ ಹಾಕಿ ನೋಡಬಹುದು. ಮೈಯ ಮೆತ್ತನೆಯ ಭಾಗಗಳಲ್ಲಿ ದನಿ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ 13 ಮೈಕ್ರೊಸೆಕೆಂಡ್ ಸಾಕು. ಹದಿನೈದು ಸೆಂಟಿಮೀಟರ್ ಆಳದ ಸುದ್ದಿ ತರಲು ಇನ್ನೂರರ ಹತ್ತಿರ. ಹಾಗಾಗಿ ಸೆಕೆಂಡಿಗೆ ಐದು ಸಾವಿರ ಕೂಗು. ದನಿ ಎಂದೆನಾದರೂ ನಮ್ಮ ಕಿವಿಗೆ ಅದು ಕೇಳದು. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳಿಗೆ ನಿಂತುಬಿಡುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿಗೆ ಬಳಸುವ ದನಿ ಮೂವತ್ತೈದು ಲಕ್ಷ ಕಂಪನಗಳ ಆಸುಪಾಸಿನದು. ಅದರ ಒಂದೊಂದು ಅಲೆಯ ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಲೆ ಅಷ್ಟು ಪುಟ್ಟದಾದ್ದರಿಂದಲೇ ಪುಟ್ಟ ಸಂಗತಿಗಳು ಅದಕ್ಕೆ ತಟ್ಟುತ್ತವೆ. ಹನ್ನೊಂದರಿಂದ ಹದಿಮೂರು ವಾರದ ಬಸುರಿಯ ಎನ್‌ಟಿ ಸ್ಕ್ಯಾನಿನಲ್ಲಿ ಕೂಸಿನ ಕತ್ತಿನ ಹಿಂದಿನ ನೀರಿನ ಪದರವನ್ನು ಮಿಲಿಮೀಟರಿನ ಹತ್ತನೇ ಒಂದು ಪಾಲಿನವರೆಗೆ ಅಳೆದು ಬರೆಯುತ್ತಾರೆ. ಚಿತ್ರ ಚೂರು ಮಸುಕಾದರೂ ಒಂದು ಮನೆಯ ನೆಮ್ಮದಿ ಕದಡುತ್ತದೆ.

ಚಿತ್ರ ಚೆನ್ನಾಗಿ ಬರಬೇಕು ಎಂದರೆ ಮೊದಲು ಹೊಳೆಯುವ ದಾರಿ ಇನ್ನಷ್ಟು ಜೋರಾಗಿ ಕೂಗುವುದು. ಅದಕ್ಕೆ ಮಿತಿ ಇದೆ. ದನಿಯ ಬಲ ಏರಿದಂತೆ ಮೈಯೊಳಗೆ ಕಾವು ಏರುತ್ತದೆ, ಅಂಗಾಂಶಕ್ಕೆ ಏಟಾಗುತ್ತದೆ. ಇನ್ನೊಂದು ದಾರಿ ಅಲೆಯನ್ನು ಇನ್ನಷ್ಟು ಚಿಕ್ಕದು ಮಾಡುವುದು. ಚಿಕ್ಕ ಅಲೆ ಬೇಗ ಸಾಯುತ್ತದೆ. ಚರ್ಮದ ಕೆಳಗಿನ ಥೈರಾಯ್ಡ್ ಗ್ರಂಥಿಗೆ ಸಾಕಾಗುವ ಅಲೆ ಕಿಡ್ನಿಯವರೆಗೆ ಹೋಗಿ ಬರಲಾರದು. ಹೀಗೆ ಕೂಗುವ ಕಡೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗಿ, ಉಳಿದದ್ದು ಕೇಳಿಸಿಕೊಳ್ಳುವ ಕಡೆಯದು. ಕಳೆದ ಐವತ್ತು ವರ್ಷಗಳಲ್ಲಿ ಅಲ್ಟ್ರಾಸೌಂಡ್ ಚಿತ್ರ ತಿಳಿಯಾಗುತ್ತ ಬಂದದ್ದರಲ್ಲಿ ದೊಡ್ಡ ಪಾಲು ಕಿವಿಯ ಸಂಸ್ಕಾರದ್ದು ಎಂದೇ ನಾನು ತಿಳಿದಿದ್ದೇನೆ. ನನ್ನ ಬೆರಗೂ ಅಲ್ಲಿಯೇ ಇದೆ.

ಮೊದಲನೆಯ ಸಂಸ್ಕಾರ ತೀರ ಸರಳ. ಹದಿನೈದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರುವಷ್ಟರಲ್ಲಿ ದನಿಯ ಶಕ್ತಿ ಮೈ ಹೀರಿಕೊಂಡದ್ದರಿಂದಲೇ ಲಕ್ಷದಲ್ಲೊಂದು ಪಾಲಿಗಿಂತ ಕೆಳಗಿಳಿದಿರುತ್ತದೆ. ತಡವಾಗಿ ಬಂದದ್ದು ದೂರದಿಂದ ಬಂದದ್ದು. ದೂರದಿಂದ ಬಂದದ್ದು ದಣಿದಿರುತ್ತದೆ. ಹಾಗಾಗಿ ಯಂತ್ರ ಮೊದಲು ಬಂದ ಮರುದನಿಯನ್ನು ಇದ್ದಷ್ಟಕ್ಕೆ ಬಿಟ್ಟು, ಮೈಕ್ರೊಸೆಕೆಂಡ್ ಕಳೆದಂತೆಲ್ಲ ಹೆಚ್ಚು ಹೆಚ್ಚು ಹಿಗ್ಗಿಸಿಕೊಂಡು ಕೇಳುತ್ತದೆ. ಯಂತ್ರದ ಬದಿಯಲ್ಲಿ ಒಂದರ ಕೆಳಗೊಂದು ಸಾಲಾಗಿರುವ ಜಾರುಗುಂಡಿಗಳನ್ನು ಡಾಕ್ಟರು ಕಣ್ಣು ಪರದೆಯ ಮೇಲಿಟ್ಟುಕೊಂಡೇ ಬೆರಳಲ್ಲಿ ಸರಿಸುವುದನ್ನು ನೀವು ನೋಡಿರಬಹುದು. ಒಂದೊಂದು ಗುಂಡಿ ಒಂದೊಂದು ಆಳದ ದಣಿವಿಗೆ.

ಎರಡನೆಯದಕ್ಕೆ ಬಂದರೆ ಬೆರಗು ಗಾಢವಾಗುತ್ತದೆ. ಪ್ರೋಬಿನ ಮುಖದಲ್ಲಿರುವುದು ಒಂದು ಕಿವಿಯಲ್ಲ. ಸಾಮಾನ್ಯವಾಗಿ 128 ಪುಟ್ಟ ಹರಳುಪಟ್ಟಿಗಳು ಅಕ್ಕಪಕ್ಕ ಕೂತಿರುತ್ತವೆ. ಐದು ಸೆಂಟಿಮೀಟರ್ ಆಳದ ಒಂದು ಬಿಂದುವಿನಿಂದ ಹೊರಟ ಮರುದನಿ ಅದರ ನೇರಕ್ಕಿರುವ ಪಟ್ಟಿಯನ್ನು ಮೊದಲು ಮುಟ್ಟುತ್ತದೆ. ಅಲ್ಲಿಂದ ಒಂದು ಸೆಂಟಿಮೀಟರ್ ಆಚೆಯ ಪಟ್ಟಿಗೆ ಬರಲು ಅದಕ್ಕೆ ಸುಮಾರು ಒಂದು ಮಿಲಿಮೀಟರ್ ಹೆಚ್ಚಿನ ದಾರಿ, ಅಂದರೆ 0.64 ಮೈಕ್ರೊಸೆಕೆಂಡ್ ತಡ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ಅಲೆ ಎರಡು ಸಲಕ್ಕಿಂತ ಹೆಚ್ಚು ಏರಿಳಿದಿರುತ್ತದೆ. ಬಂದದ್ದನ್ನು ಬಂದ ಹಾಗೆ ಕೂಡಿಸಿದರೆ ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ ಎರಡೂ ಅಳಿಸಿಹೋಗುತ್ತವೆ. ಆದ್ದರಿಂದ ಯಂತ್ರ ಮೊದಲು ಬಂದವರನ್ನು ತಡೆದು ನಿಲ್ಲಿಸಿ, ಕೊನೆಯವರು ಬಂದ ಮೇಲೆ ಎಲ್ಲರನ್ನೂ ಒಂದೇ ಹೆಜ್ಜೆಗೆ ತಂದು ಕೂಡಿಸುತ್ತದೆ. ಆಗ ಆ ಬಿಂದುವಿನ ದನಿ 128 ಪಟ್ಟು ಬೆಳೆಯುತ್ತದೆ. ಗೊತ್ತುಗುರಿಯಿಲ್ಲದ ವಿದ್ಯುತ್ ಗದ್ದಲ ಬೆಳೆಯುವುದು ಹನ್ನೊಂದು ಪಟ್ಟು ಮಾತ್ರ. ಮುಂದಿನ ಕ್ಷಣಕ್ಕೆ ಇನ್ನೊಂದು ಬಿಂದು, ಇನ್ನೊಂದು ತಡೆಯ ಲೆಕ್ಕ. ಒಂದೊಂದು ಹರಳಿನ ಮಾತನ್ನು ಸೆಕೆಂಡಿಗೆ ನಾಲ್ಕು ಕೋಟಿ ಸಲ ಅಳೆಯುವ ಯಂತ್ರದಲ್ಲಿ 128 ಹರಳಿಗೆ ಸೆಕೆಂಡಿಗೆ ಐನೂರು ಕೋಟಿಗೂ ಮಿಕ್ಕಿ ಸಂಖ್ಯೆಗಳಾಗುತ್ತವೆ. ಉಸಿರು ಹಿಡಿದವರಿಗೆ ಅದರ ಸುಳಿವೂ ಇರುವುದಿಲ್ಲ.

ತಡೆದು ಕೂಡಿಸುವ ಈ ಗಣಿತ ಆಸ್ಪತ್ರೆಗಷ್ಟೇ ಸೇರಿದ್ದಲ್ಲ. ಗೌರಿಬಿದನೂರಿನ ಹತ್ತಿರ 1960ರ ದಶಕದ ನಡುವಿನಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಒಂದು ಜಾಲ ಹೊಲ ಗುಡ್ಡಗಳ ನಡುವೆ ಎರಡು ತೋಳು ಚಾಚಿಕೊಂಡಿದೆ. ಭೂಕಂಪಗಳನ್ನೂ ದೇಶಾಂತರದ ನೆಲದಡಿಯ ಅಣುಸ್ಫೋಟಗಳನ್ನೂ ಆಲಿಸುವುದು ಅದರ ಕೆಲಸ. ಅಲ್ಲಿಯೂ ಒಂದು ಮಾಪಕಕ್ಕೆ ಮೊದಲು, ಇನ್ನೊಂದಕ್ಕೆ ತಡವಾಗಿ ಬಂದ ನಡುಕವನ್ನು ಸಾಲುಗೂಡಿಸಿ ಕೂಡಿಸುತ್ತಾರೆ. ಅಮೆರಿಕದ ಮೊಂಟಾನಾದಲ್ಲಿದ್ದ ಇಂಥದೇ ದೊಡ್ಡ ಜಾಲದ ದಾಖಲೆಗಳನ್ನಿಟ್ಟುಕೊಂಡು ಜೆ. ಕೇಪನ್ ಎಂಬ ವಿಜ್ಞಾನಿ 1969ರಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಎಲ್ಲ ಮಾಪಕಗಳ ಮಾತಿಗೂ ಒಂದೇ ತೂಕ ಯಾಕೆ? ಬೇಕಾದ ದಿಕ್ಕಿನ ದನಿ ಮುಕ್ಕಾಗದೆ ಉಳಿಯಬೇಕು, ಮಿಕ್ಕ ದಿಕ್ಕಿನದು ಆದಷ್ಟು ಅಡಗಬೇಕು, ಹಾಗೆ ತೂಕವನ್ನು ಬಂದ ದನಿಯಿಂದಲೇ ಲೆಕ್ಕಹಾಕಿ ತೆಗೆಯಬೇಕು ಎಂಬುದು ಅವರ ದಾರಿ. 2000ದ ದಶಕದಲ್ಲಿ ಅದೇ ದಾರಿಯನ್ನು ಅಲ್ಟ್ರಾಸೌಂಡಿನವರು ಹಿಡಿದರು. ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದ ಎರಡು ಬಿಂದುಗಳು ಬೇರೆಯಾಗಿ ಕಂಡವು. ಬಾಂಬಿನ ಸದ್ದಿಗೆ ಕಿವಿಯಿಟ್ಟವರ ಲೆಕ್ಕ ಮನುಷ್ಯನ ಮೈಯ ಮಿಲಿಮೀಟರುಗಳನ್ನು ಅಳೆಯಲು ಒದಗಿ ಬಂತು. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ.

  

ಇನ್ನೊಂದು ಜಾಣ್ಮೆಯನ್ನು ಹೇಳದೆ ಮುಂದೆ ಹೋಗಲಾರೆ. ಮೈ ದಪ್ಪಗಿರುವವರ ಚಿತ್ರ ಮಸುಕಾಗಿ ಬರುವುದು ಮೊದಲಿನಿಂದಲೂ ಇದ್ದ ತೊಡಕು. ಚರ್ಮದಡಿಯ ಕೊಬ್ಬಿನ ಪದರಗಳಲ್ಲಿ ದನಿ ಹಿಂದೆ ಮುಂದೆ ಬಡಿದಾಡಿ, ಒಳಗಿನ ಚಿತ್ರದ ಮೇಲೆ ಬೂದಿಬಣ್ಣದ ಮುಸುಕು ಎಳೆಯುತ್ತದೆ. 1990ರ ದಶಕದಲ್ಲಿ ಸಂಶೋಧಕರಿಗೆ ಒಂದು ಸಂಗತಿಯ ಬೆಲೆ ತಿಳಿಯಿತು. ಅಲೆ ಮೈಯೊಳಗೆ ಸಾಗುವಾಗ ಅದರ ಒತ್ತಿದ ಭಾಗ ತುಸು ಬೇಗವೂ ಸಡಿಲಾದ ಭಾಗ ತುಸು ನಿಧಾನವೂ ಹೋಗುತ್ತವೆ. ಹೋಗುತ್ತ ಹೋಗುತ್ತ ಅಲೆಯ ಆಕಾರವೇ ಓರೆಯಾಗಿ, ನಾವು ಕಳಿಸಿಯೇ ಇರದ ಇಮ್ಮಡಿ ಕಂಪನದ ಒಂದು ದನಿ ಅದರಿಂದ ಹುಟ್ಟುತ್ತದೆ. ಅದು ಹುಟ್ಟಬೇಕಾದರೆ ಸ್ವಲ್ಪ ದೂರ ನಡೆದಿರಬೇಕು; ಹಾಗಾಗಿ ಚರ್ಮದ ಬಳಿಯ ಗಲಾಟೆಯಲ್ಲಿ ಅದರ ಪಾಲು ತೀರ ಕಡಿಮೆ. ಅದೊಂದನ್ನೇ ಬೇರ್ಪಡಿಸಿ ಕೇಳಿದರೆ ಮುಸುಕು ಸರಿಯುತ್ತದೆ.

ಬೇರ್ಪಡಿಸುವುದು ಹೇಗೆ? ಒಂದು ಅಲೆ ಕಳಿಸುವುದು. ಅದರ ಬೆನ್ನಿಗೇ ಅದನ್ನು ತಲೆಕೆಳಗು ಮಾಡಿದ ಇನ್ನೊಂದು ಅಲೆ ಕಳಿಸುವುದು, ಏರಿದ್ದಲ್ಲಿ ಇಳಿತ, ಇಳಿದಲ್ಲಿ ಏರು. ಎರಡರ ಮರುದನಿಯನ್ನೂ ಕೂಡಿಸಿದರೆ ನಾವು ಕಳಿಸಿದ ದನಿ ತನ್ನನ್ನು ತಾನೇ ಅಳಿಸಿಕೊಂಡು ಸೊನ್ನೆಯಾಗುತ್ತದೆ. ಮೈ ತಾನಾಗಿ ಹುಟ್ಟಿಸಿದ ಇಮ್ಮಡಿಯ ದನಿ ಮಾತ್ರ ತಲೆಕೆಳಗಾಗುವುದಿಲ್ಲ, ಅದು ಉಳಿಯುತ್ತದೆ. ನಮ್ಮ ಮಾತು ಹೋಗಿ ಮೈಯ ಮಾತು ಉಳಿಯುವ ಕೂಡಿಕೆ ಇದು. ಇದಕ್ಕಿಂತ ಚೆಲುವಾದ ಲೆಕ್ಕ ವೈದ್ಯಕೀಯದಲ್ಲಿ ಇದ್ದೀತೇ ಎಂದು ನನಗೆ ಅನುಮಾನ.

ಇಷ್ಟೆಲ್ಲ ಆದ ಮೇಲೂ ಪರದೆಯ ಮೇಲೆ ಮರಳು ಚೆಲ್ಲಿದ ಹಾಗೆ ಚುಕ್ಕೆಗಳು ಉಳಿಯುತ್ತವೆ. ಬಲ್ಲವರು ಅದನ್ನು ಸ್ಪೆಕಲ್ ಎನ್ನುತ್ತಾರೆ. ಲಿವರಿನೊಳಗೆ ಅಲೆಯುದ್ದಕ್ಕಿಂತ ಎಷ್ಟೋ ಚಿಕ್ಕದಾದ ಅಸಂಖ್ಯ ಕಣಗಳು ದನಿಯನ್ನು ಅಷ್ಟಷ್ಟು ಚದುರಿಸುತ್ತವೆ. ಆ ಚೂರುಗಳೆಲ್ಲ ಸೇರಿ ಕೆಲವೆಡೆ ಉಬ್ಬುತ್ತವೆ, ಕೆಲವೆಡೆ ಅಡಗುತ್ತವೆ. ಕೆರೆಯ ಮೇಲೆ ತುಂತುರು ಬಿದ್ದಾಗ ಉಂಗುರಕ್ಕೆ ಉಂಗುರ ತಾಗಿ ನೀರೆಲ್ಲ ಬೊಕ್ಕೆಬೊಕ್ಕೆಯಾಗಿ ಕಾಣುವ ಹಾಗೆ. ಇಂಥ ಗೊತ್ತುಗುರಿಯಿಲ್ಲದ ಅಲೆಗಳ ಮೊತ್ತ ಎಷ್ಟಾಗುತ್ತದೆಂಬ ಗಣಿತವನ್ನು ಇಂಗ್ಲೆಂಡಿನ ಲಾರ್ಡ್ ರೇಲಿ ಬರೆದದ್ದು 1880ರಲ್ಲಿ. ಅದೇ ವರ್ಷ ಪ್ಯಾರಿಸಿನಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಕಂಡುಕೊಂಡರು; ಇಂದಿನ ಪ್ರೋಬಿನ ಮೂಲ ಅದೇ. ಒಂದೇ ವರ್ಷದಲ್ಲಿ ಹುಟ್ಟಿದ ಆ ಎರಡು ತಿಳಿವು ಅಲ್ಟ್ರಾಸೌಂಡಿನ ಸ್ಪೆಕಲ್ ಕುರಿತ ಸಿ.ಬಿ. ಬರ್ಕ್‌ಹಾರ್ಟ್ ಅವರ ಪ್ರಬಂಧದಲ್ಲಿ ಒಟ್ಟಿಗೆ ಕೂತಾಗ 1978 ಆಗಿತ್ತು.

ಈ ಚುಕ್ಕೆ ಕೊಳೆಯೇ? ಪ್ರೋಬನ್ನೂ ಮೈಯನ್ನೂ ಅಲುಗದಂತೆ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ವಿದ್ಯುತ್ ಗದ್ದಲ ಕ್ಷಣಕ್ಷಣಕ್ಕೂ ಕುಣಿಯುತ್ತದೆ. ಸ್ಪೆಕಲ್ ಇದ್ದಲ್ಲೇ ಇರುತ್ತದೆ. ಅದೇ ಜಾಗ, ಅದೇ ಕೋನ, ಅದೇ ಚುಕ್ಕೆ. ಅದು ಅಂಗಾಂಶದ ನೇರ ಚಿತ್ರವಲ್ಲ ನಿಜ, ಆದರೆ ಆ ಅಂಗಾಂಶದ ಹೊರತು ಇನ್ನೊಂದರಿಂದ ಹುಟ್ಟಿದ್ದೂ ಅಲ್ಲ. ಹೃದಯ ತಜ್ಞರು ಇದನ್ನೇ ಕೆಲಸಕ್ಕೆ ಹಚ್ಚಿದ್ದಾರೆ. ಹೃದಯದ ಗೋಡೆಯ ಚುಕ್ಕೆಗುಂಪುಗಳನ್ನು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬೆನ್ನುಹತ್ತಿ, ಸ್ನಾಯು ಎಷ್ಟು ಕುಗ್ಗಿತು, ಎಷ್ಟು ಹಿಗ್ಗಿತು ಎಂದು ಅಳೆಯುತ್ತಾರೆ. ಕ್ಯಾನ್ಸರಿನ ಕೆಲವು ಔಷಧಿಗಳು ಹೃದಯವನ್ನು ನೋಯಿಸತೊಡಗಿದ್ದು ಉಳಿದ ಅಳತೆಗಳಲ್ಲಿ ಗೊತ್ತಾಗುವ ಮೊದಲೇ ಈ ಚುಕ್ಕೆಗಳ ನಡೆಯಲ್ಲಿ ಗೊತ್ತಾಗುವುದುಂಟು. ಚಿತ್ರ ನುಣ್ಣಗಾಗಲಿ ಎಂದು ಚುಕ್ಕೆಯನ್ನೆಲ್ಲ ಒರೆಸಿಬಿಟ್ಟಿದ್ದರೆ ಬೆನ್ನುಹತ್ತಲು ಏನೂ ಉಳಿಯುತ್ತಿರಲಿಲ್ಲ.

ಹಿಂದೆ ಹೀಗೆ ಒರೆಸಿದ್ದೂ ಇದೆ. ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯಾನ್ ಡೊನಾಲ್ಡ್ 1955ರಲ್ಲಿ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿಟ್ಟುಕೊಂಡು ರೆನ್‌ಫ್ರೂನ ಬಾಯ್ಲರ್ ಕಾರ್ಖಾನೆಗೆ ಹೋದರು. ಲೋಹದ ಬಿರುಕು ಹುಡುಕುವ ಯಂತ್ರಕ್ಕೆ ಅವನ್ನು ಹಿಡಿದು ನೋಡಿದರು. ಗಟ್ಟಿ ಗಡ್ಡೆಯ ಮರುದನಿಯೇ ಬೇರೆ, ನೀರುಗುಳ್ಳೆಯ ಮರುದನಿಯೇ ಬೇರೆ ಎಂದು ಗೊತ್ತಾಯಿತು. ಜಾನ್ ಮ್ಯಾಕ್‌ವಿಕಾರ್ ಎಂಬ ವೈದ್ಯರ, ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರರ ಜತೆ ಸೇರಿ ಅವರು 1958ರ ಜೂನಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದಿಂದ ಸ್ಕ್ಯಾನಿಂಗಿನ ಯುಗವೇ ತೆರೆಯಿತು. ಆದರೆ ಆ ಕಾಲದ ಚಿತ್ರಗಳಲ್ಲಿ ಕಪ್ಪು ಇಲ್ಲವೇ ಬಿಳಿ, ನಡುವೆ ಏನಿಲ್ಲ. ಜೋರಾದ ಮರುದನಿ ಬಿಳಿ ಗೆರೆಯಾಗುತ್ತಿತ್ತು. ಮೆಲುದನಿಗಳು ಲೆಕ್ಕದಿಂದಲೇ ಬಿಟ್ಟುಹೋಗುತ್ತಿದ್ದವು. ಸಿಡ್ನಿಯಲ್ಲಿ ಜಾರ್ಜ್ ಕೊಸೊಫ್ ಮತ್ತು ಸಂಗಡಿಗರು ಜೋರುದನಿಯನ್ನು ಅದುಮಿ ಮೆಲುದನಿಗೆ ಜಾಗ ಮಾಡಿಕೊಟ್ಟು, ಬೂದಿಬಣ್ಣದ ಹಲವು ಛಾಯೆಗಳಲ್ಲಿ ಚಿತ್ರ ತೋರಿಸಿದಾಗ ಅಂಗಗಳಿಗೆ ಮೊದಲ ಸಲ ಒಡಲು ಬಂತು. ಅಲ್ಲಿಯವರೆಗೆ ಲಿವರ್ ಎಂದರೆ ಒಂದು ಗಡಿ. ಆಮೇಲೆ ಅದಕ್ಕೊಂದು ಹೆಣಿಗೆ, ನೇಯ್ಗೆ.

ಪರಿಚಯದ ರೇಡಿಯಾಲಜಿಸ್ಟರೊಬ್ಬರ ಪಕ್ಕ ಕೂತು ನೋಡಿದ್ದೊಂದನ್ನು ಇಲ್ಲಿ ಹೇಳಬೇಕು. ಖಾಲಿ ಹೊಟ್ಟೆಯಲ್ಲಿ ಬಂದಿದ್ದ ಅಜ್ಜಿ ಮಂಚದ ಮೇಲಿದ್ದರು. ಪಿತ್ತಕೋಶದ ಕಪ್ಪಿನಲ್ಲಿ ಒಂದು ಬಿಳಿ ಚುಕ್ಕೆ. ಕಲ್ಲೋ, ಗೋಡೆಗೆ ಅಂಟಿದ ಗಂಟೋ? ಯಂತ್ರ ಹಲವು ಕೋನಗಳಿಂದ ದನಿ ಕಳಿಸಿ, ಬಂದ ಚಿತ್ರಗಳ ಸರಾಸರಿ ತೆಗೆದು ತೋರಿಸುತ್ತಿತ್ತು. ಸ್ಪೆಕಲ್ ಕಡಿಮೆಯಾಗಿ ಗೋಡೆಗಳು ನೀಟಾಗಿ ಕಾಣಲೆಂದು ಇರುವ ವ್ಯವಸ್ಥೆ ಅದು. ಡಾಕ್ಟರು ಒಂದು ಗುಂಡಿ ಒತ್ತಿ ಅದನ್ನು ಆರಿಸಿದರು. ಚಿತ್ರ ಒರಟಾಯಿತು. ಆ ಒರಟಿನಲ್ಲಿ ಬಿಳಿ ಚುಕ್ಕೆಯ ಕೆಳಗೆ ನೇರವಾದ ಒಂದು ಕಪ್ಪು ಪಟ್ಟೆ ಎದ್ದು ಕಂಡಿತು. “ಅಮ್ಮಾ, ಎಡಗಡೆಗೆ ಹೊರಳಿ” ಎಂದರು. ಚುಕ್ಕೆ ಉರುಳಿತು, ಪಟ್ಟೆಯೂ ಜತೆಗೆ ಸರಿಯಿತು. “ಏನಪ್ಪಾ, ಕಲ್ಲೈತಾ?” ಎಂದು ಅಜ್ಜಿ ಕೇಳಿದರು. “ಐತಮ್ಮ, ಸಣ್ಣದು. ಹೆದರಬೇಡಿ.”

ಆ ಕಪ್ಪು ಪಟ್ಟೆ ಕಲ್ಲಿನ ನೆರಳು. ಚಿತ್ರದ ದೃಷ್ಟಿಯಿಂದ ಅದು ದೋಷ; ಅಲ್ಲಿ ಮೈ ಇದೆ, ಆದರೆ ದನಿ ತಲುಪಿಲ್ಲ. ರೋಗದ ದೃಷ್ಟಿಯಿಂದ ಅದೇ ಸಾಕ್ಷಿ. ಹಲವು ಕೋನಗಳ ಸರಾಸರಿ ಒರಟುತನದ ಜತೆಗೆ ಆ ಸಾಕ್ಷಿಯನ್ನೂ ತೆಳುಮಾಡಿತ್ತು. ಶ್ವಾಸಕೋಶ ನೋಡುವಾಗಲೂ ಹೀಗೆಯೇ. ಶ್ವಾಸಕೋಶದ ಅಂಚಿನಿಂದ ಪರದೆಯ ಬುಡದವರೆಗೆ ಇಳಿಯುವ ಬಿಳಿ ಗೆರೆಗಳು ಪೂರಾ ದನಿಯ ಬಡಿದಾಟದಿಂದ ಆದವು, ಅಲ್ಲಿ ಗೆರೆಯಂಥ ವಸ್ತುವೇ ಇಲ್ಲ. ಆದರೂ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದು ಹೇಳುವುದು ಅವೇ. ಕೊರೊನಾ ಕಾಲದಲ್ಲಿ ರೋಗಿಯ ಮಂಚದ ಬಳಿಯೇ ಡಾಕ್ಟರುಗಳು ಇವನ್ನು ಎಣಿಸುತ್ತಿದ್ದರು.

ದೋಷವೆಲ್ಲ ಇಟ್ಟುಕೊಳ್ಳತಕ್ಕದ್ದು ಎಂದು ಇದರ ಅರ್ಥವಲ್ಲ. ಯಂತ್ರ ಎಲ್ಲರ ಮೈಯಲ್ಲೂ ದನಿ 1,540 ಮೀಟರ್ ವೇಗದಲ್ಲಿ ಓಡುತ್ತದೆಂದೇ ನಂಬಿರುತ್ತದೆ. ಕೊಬ್ಬಿನಲ್ಲಿ ಅದು ಸುಮಾರು 1,450. ವೇಗ ಬದಲಾದಲ್ಲಿ ದನಿಯ ದಾರಿ ಬಾಗುತ್ತದೆ. ಕೆಳಹೊಟ್ಟೆಯ ನಡುಭಾಗದಲ್ಲಿ ಸ್ನಾಯುವೂ ಕೊಬ್ಬೂ ಸೇರಿ ಮಸೂರದ ಹಾಗೆ ವರ್ತಿಸಿ, ಬಸುರಿನ ಮೊದಲ ವಾರಗಳಲ್ಲಿ ಒಂದೇ ಗರ್ಭಚೀಲವನ್ನು ಎರಡಾಗಿ ತೋರಿಸಿದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಪ್ರೋಬನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಇಲ್ಲದ ಅವಳಿ ಮಾಯವಾಗುತ್ತದೆ. ಇನ್ನೂ ದೊಡ್ಡ ಪಾಠ ಆಸ್ಟ್ರಿಯಾದ ನರವೈದ್ಯ ಕಾರ್ಲ್ ಡಸಿಕ್ ಅವರದು. 1940ರ ದಶಕದಲ್ಲಿ ಅವರು ತಲೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದನಿ ಹಾಯಿಸಿ ಮಿದುಳಿನೊಳಗಿನ ಕುಹರಗಳ ಚಿತ್ರ ತೆಗೆದರು. ಜಗತ್ತು ಮೆಚ್ಚಿತು. 1950ರ ದಶಕದ ಮೊದಲಲ್ಲಿ ಜರ್ಮನಿ, ಅಮೆರಿಕಗಳ ಸಂಶೋಧಕರು ಪರೀಕ್ಷಿಸಿ ನೋಡಿದಾಗ, ಆ ಚಿತ್ರದ ಬಹುಪಾಲು ತಲೆಬುರುಡೆಯ ಮೂಳೆಯ ದಪ್ಪ-ತೆಳುವಿನಿಂದ ಬಂದದ್ದೆಂದು ಗೊತ್ತಾಯಿತು. ಡಸಿಕ್ ಸುಳ್ಳು ಹೇಳಿದವರಲ್ಲ. ಬಂದ ದನಿ ಯಾರದೆಂದು ತಿಳಿಯುವ ಲೆಕ್ಕ ಆಗಿನ್ನೂ ಹುಟ್ಟಿರಲಿಲ್ಲ.

ಈಗ ಲೆಕ್ಕ ಬೇಕಾದಷ್ಟಿದೆ. ಲಕ್ಷಾಂತರ ಚಿತ್ರ ನೋಡಿ ಕಲಿತ ಕೃತಕ ಬುದ್ಧಿಯ ಸೋಸುವ ಲೆಕ್ಕಗಳು ಒರಟು ಚಿತ್ರವನ್ನು ಕ್ಷಣಾರ್ಧದಲ್ಲಿ ಕಣ್ಣಿಗೆ ಹಬ್ಬವಾಗುವಂತೆ ಮಾಡುತ್ತವೆ. ನನ್ನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ ಒಂದೇ: ಕಲಿತದ್ದರ ಬಲದಿಂದ ಅವು ತುಂಬಿದ ಭಾಗ ಈ ರೋಗಿಯ ಮೈಯದೋ, ಹಿಂದೆ ನೋಡಿದ ಸಾವಿರಾರು ಮೈಗಳ ಸರಾಸರಿಯೋ? ಅಪರೂಪದ ಗಂಟು ಅಪರೂಪದ್ದಾಗಿರುವುದರಿಂದಲೇ ಸರಾಸರಿಯಲ್ಲಿ ಕರಗಿಹೋಗಬಹುದು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಸ್ಪೆಕಲ್ ತೆಗೆಯುವ ವಿಷಯ ಆರಿಸಿಕೊಳ್ಳುವ ಹುಡುಗ ಹುಡುಗಿಯರು ಇದ್ದಾರೆ. ಒಳ್ಳೆಯ ಚಿತ್ರವೊಂದಕ್ಕೆ ಕಂಪ್ಯೂಟರಿನಲ್ಲಿ ಚುಕ್ಕೆ ಬೆರೆಸಿ, ಆಮೇಲೆ ಸೋಸಿ, ಚಿತ್ರದ ಗುಣಮಟ್ಟದ ಅಂಕೆ ಎಷ್ಟು ಏರಿತೆಂದು ವರದಿ ಬರೆಯುವುದು ವಾಡಿಕೆ. ಅಂಕೆ ಬೇಕು, ಬೇಡವೆನ್ನಲಾರೆ. ಅವರಲ್ಲಿ ಒಂದು ಕೋರಿಕೆ ಮಾತ್ರ ಇದೆ. ಅನುಮತಿ ಕೇಳಿ, ನಿಮ್ಮ ಊರಿನ ಆಸ್ಪತ್ರೆಯ ಸ್ಕ್ಯಾನಿಂಗ್ ಡಾಕ್ಟರ ಬಳಿ ಒಂದು ಬೆಳಿಗ್ಗೆ ಕೂತುಬನ್ನಿ. ಸೋಸಿದ ಚಿತ್ರವನ್ನೂ ಸೋಸದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಕಲ್ಲಿನ ನೆರಳು ಯಾವುದರಲ್ಲಿ ಕಾಣುತ್ತದೆ ಎಂದು ಕೇಳಿ. ಅವರು ಹೇಳಿದ್ದನ್ನೂ ನಿಮ್ಮ ವರದಿಯಲ್ಲಿ ಬರೆಯಿರಿ.